ಮಿತವ್ಯಯದಲ್ಲೊಂದು ಚಲಿಸುವ ಮನೆ

ಮನೆಮಂದಿಯೆಲ್ಲ ಕೂಡಿ ಜಾತ್ರೆಗೆ ಹೋಗುವುದು, ಕ್ಷೇತ್ರದರ್ಶನ ಮಾಡಿ ಬರುವುದು ನಮ್ಮ ಶರಣ ಕುಟುಂಬಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿಯಾಗಿದೆ. ಬಸ್ಸು ಕಾರುಗಳಿಲ್ಲದ ಕಾಲದಲ್ಲಿ ಬಳ್ಳಾರಿ ಸೀಮೆಯ ಹಿರಿಯರು ಸವಾರಿ ಬಂಡಿ ಹೂಡಿಕೊಂಡು ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಹೊರಡುತ್ತಿದ್ದರು. ಬಿದಿರಿನ ಕಮಾನು, ಅದರ ಮೇಲೆ ಚಾಪೆ, ಒಳಗೆ ಭತ್ತದ ಹುಲ್ಲು ಹರವಿ ಹಾಸಿದ ಕೌದಿ, ಬಂಡಿಯ ಕೆಳಗೆ ತೂಗುವ ಕಂದೀಲು, ಪಕ್ಕದಲ್ಲಿ ನೀರಿನ ಕೊಡ ಮತ್ತು ರೊಟ್ಟಿಯ ಗಂಟು. ನಿಂತಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿದರೆ ಅದೇ ಅಡುಗೆಮನೆ. ಕತ್ತಲಾದರೆ ಹೆಂಗಸರು ಮಕ್ಕಳು ಬಂಡಿಯೊಳಗೆ, ಗಂಡಸರು ಬಂಡಿಯ ಕೆಳಗೆ. ಇಂದು ಪಟ್ಟಣದವರು ಕ್ಯಾರವಾನ್ ಎಂದು ಕರೆಯುವ ವಾಹನವು ನಮ್ಮ ಹಿರಿಯರಿಗೆ ಹೊಸದೇನೂ ಆಗಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ನಮ್ಮೂರು ಬಳ್ಳಾರಿ ತಾಲ್ಲೂಕಿನ ಕೊಳಗಲ್ಲು. ಕ್ರಿ.ಶ. 967ರ ರಾಷ್ಟ್ರಕೂಟ ಖೊಟ್ಟಿಗನ ಕಾಲದ ಶಾಸನವುಳ್ಳ ಪ್ರಾಚೀನ ಗ್ರಾಮ. ದೂರದ ಗೌಡದೇಶದಿಂದ ಬಂದು ಇಲ್ಲಿ ನೆಲೆನಿಂತ ಗದಾಧರನೆಂಬ ತಪಸ್ವಿಯ ಹೆಸರು ನಮ್ಮೂರಿನ ಶಾಸನಗಳಲ್ಲಿ ಬರುತ್ತದೆ. ಸಾವಿರ ವರ್ಷದ ಹಿಂದೆಯೇ ದೂರದ ಯಾತ್ರಿಕರನ್ನು ಕಂಡ ಊರಿದು. ಇಂಥ ಊರಿನ ಒಂದು ಸಾಧಾರಣ ಒಕ್ಕಲು ಮನೆತನದವರಾದ ನಾವು ಒಂದು ಹಳೆಯ ವ್ಯಾನನ್ನು ಕೊಂಡು, ದುರಸ್ತಿ ಮಾಡಿ, ಯಾತ್ರೆಯ ಮನೆಯಾಗಿ ಮಾಡಿಕೊಂಡ ಅನುಭವವನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ಅದರಲ್ಲಿ ನಮ್ಮ ತಪ್ಪುಗಳೂ ಸೇರಿವೆ. ಅವನ್ನು ಮುಚ್ಚಿಟ್ಟರೆ ಈ ಲೇಖನದಿಂದ ಯಾರಿಗೂ ಪ್ರಯೋಜನವಾಗದು.

ತಾಯಿಯವರ ಆಸೆ

ನಮ್ಮ ತಾಯಿಯವರಿಗೆ ಈಗ ಎಪ್ಪತ್ತು ದಾಟಿದೆ. 1985ರ ಯುಗಾದಿಗೆ ಅವರು ತಂದೆಯವರೊಡನೆ ಕೊಳಗಲ್ಲಿನಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗಿದ್ದರು. ಆತ್ಮಕೂರು ದಾಟಿ, ನಾಗಲೂಟಿ, ಭೀಮನಕೊಳ್ಳಗಳ ಕಾಡುದಾರಿ ಹಿಡಿದು, ಕೈಲಾಸದ್ವಾರದ ಮೆಟ್ಟಿಲು ಹತ್ತಿದ ಕಥೆಯನ್ನು ಅವರ ಬಾಯಿಂದ ನಾವು ನೂರು ಸಲ ಕೇಳಿದ್ದೇವೆ. ಯುಗಾದಿಯ ಹೊತ್ತಿಗೆ ಕನ್ನಡನಾಡಿನ ಭಕ್ತರು ಸಾವಿರ ಸಾವಿರ ಸಂಖ್ಯೆಯಲ್ಲಿ ಮಲ್ಲಯ್ಯನ ಬೆಟ್ಟಕ್ಕೆ ನಡೆದು ಬರುವುದು ಇಂದಿಗೂ ನಿಂತಿಲ್ಲ. ತಂದೆಯವರು ಲಿಂಗೈಕ್ಯರಾದ ಮೇಲೆ ತಾಯಿಯವರಿಗೆ ಉಳಿದುದು ಒಂದೇ ಆಸೆ. ಮತ್ತೊಮ್ಮೆ ಯುಗಾದಿಗೆ ಅಲ್ಲಿಗೆ ಹೋಗಬೇಕು, ನಡೆದು ಬರುವ ಭಕ್ತರನ್ನು ಕಣ್ಣಾರೆ ಕಾಣಬೇಕು.

ಆದರೆ ಅವರ ಮೊಣಕಾಲು ಸವೆದಿದೆ. ಬಸ್ಸಿನ ಮೆಟ್ಟಿಲು ಹತ್ತಲಾಗದು, ನೆಲದ ಪಾಯಿಖಾನೆಯಲ್ಲಿ ಕೂರಲಾಗದು, ಎರಡು ತಾಸಿಗೊಮ್ಮೆ ಕಾಲು ಚಾಚಿ ಮಲಗಬೇಕು. ಯುಗಾದಿಯ ಜನಸಂದಣಿಯಲ್ಲಿ ವಸತಿಗೃಹದ ಕೋಣೆ ದೊರೆಯುವುದು ದುರ್ಲಭ. ಬಾಡಿಗೆ ವಾಹನದಲ್ಲಿ ಐದಾರು ದಿನ ಹೋಗಿ ಬರುವ ಖರ್ಚನ್ನು ಮೇಲಿಂದ ಮೇಲೆ ಭರಿಸುವ ಶಕ್ತಿ ನಮಗಿಲ್ಲ. ಹೀಗಿರುವಾಗ 2023ರ ದೀಪಾವಳಿಯ ದಿನ ನಾವು ಮೂವರು ಅಣ್ಣತಮ್ಮಂದಿರು ಕುಳಿತು ಆಲೋಚಿಸಿದೆವು. ಮೆಣಸಿನಕಾಯಿ ಬೆಳೆಯಿಂದ ಉಳಿದ ಹಣ, ಚೀಟಿ ಎತ್ತಿದ ಹಣ ಎಲ್ಲ ಕೂಡಿ 4,00,000 ರೂಪಾಯಿ. ಇದರ ಮೇಲೆ ಒಂದು ಕಾಸೂ ಸಾಲ ಮಾಡಬಾರದೆಂದು ನಿರ್ಧರಿಸಿದೆವು.

ಯಾವ ವಾಹನ?

ಹೊಸ ಕ್ಯಾರವಾನಿನ ಬೆಲೆ ನಮ್ಮಂಥವರ ಮಾತಲ್ಲ. ಆದ್ದರಿಂದ ಹಳೆಯ ಟೆಂಪೋ ಟ್ರಾವೆಲರ್, ಅಂದರೆ ನಮ್ಮ ಕಡೆ ಎಲ್ಲರೂ ಟಿ.ಟಿ. ಎನ್ನುವ ವಾಹನವನ್ನು ಹುಡುಕತೊಡಗಿದೆವು. ಪುಣೆಯ ಬಜಾಜ್ ಟೆಂಪೋ ಕಂಪನಿಯು 1980ರ ದಶಕದ ಕೊನೆಯಲ್ಲಿ ತಂದ ಈ ವಾಹನಕ್ಕೆ ಜರ್ಮನಿಯ ಮರ್ಸಿಡಿಸ್ ಬೆಂಜ್ ಕಂಪನಿಯವರ ಟಿ-1 ಎಂಬ ವ್ಯಾನೇ ಆಧಾರ. ಬಜಾಜ್ ಟೆಂಪೋ ಕಂಪನಿಗೆ 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರಾಯಿತು. ಬಿಡಿಭಾಗಗಳು ಬಳ್ಳಾರಿಯಲ್ಲೇ ದೊರೆಯುತ್ತವೆ, ಇದರ ಕೆಲಸ ಬಲ್ಲ ಮೇಸ್ತ್ರಿಗಳು ಎಲ್ಲೆಡೆ ಇದ್ದಾರೆ. ಹಳೆಯ ವಾಹನ ಕೊಳ್ಳುವವರು ಮೊದಲು ನೋಡಬೇಕಾದುದು ಇದನ್ನೇ. ಬಿಡಿಭಾಗ ಸಿಗದ ಅಪರೂಪದ ಗಾಡಿ ಎಷ್ಟೇ ಅಗ್ಗವಾದರೂ ಕೊನೆಗೆ ದುಬಾರಿಯೇ ಆಗುತ್ತದೆ.

ಮೊದಲು ನೋಡಿದ ಗಾಡಿ ನೆರೆರಾಜ್ಯದ್ದು. ಬೆಲೆ ಬಹಳ ಕಡಿಮೆ. ಆದರೆ ಆರ್.ಸಿ. ಪುಸ್ತಕದಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ಹಾಗೆಯೇ ಇತ್ತು. ಸಾಲ ತೀರಿದ ಪತ್ರವನ್ನೂ ನಮೂನೆ 35ನ್ನೂ ಕೊಡಿ ಎಂದರೆ ಮಾರುವವರು ನಾಳೆ ಬಾ ಎನ್ನತೊಡಗಿದರು. ಕೈಮುಗಿದು ಬಂದೆವು. ಎರಡನೆಯ ಗಾಡಿ ಹೊಳೆಹೊಳೆಯುತ್ತಿತ್ತು. ನಮ್ಮೊಡನೆ ಬಂದ ಮೇಸ್ತ್ರಿಯವರು ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಬಾಗಿಲ ಕೆಳಭಾಗಕ್ಕೆ ಹಿಡಿದರು. ಅದು ಹತ್ತದೆ ಕೆಳಗೆ ಬಿತ್ತು. ತುಕ್ಕು ತಿಂದ ತಗಡಿನ ಜಾಗಕ್ಕೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರು. ಅಯಸ್ಕಾಂತವು ಕಬ್ಬಿಣಕ್ಕೆ ಹತ್ತುತ್ತದೆಯೇ ಹೊರತು ಪುಟ್ಟಿಗೆ ಹತ್ತದು.

ಮೂರನೆಯದು ಸಿರುಗುಪ್ಪದಲ್ಲಿ ಸಿಕ್ಕಿತು. ಒಂದು ಕೂಡುಕುಟುಂಬದವರು ಸ್ವಂತ ಬಳಕೆಗೆಂದು 2012ರಲ್ಲಿ ನೋಂದಾಯಿಸಿದ, ಬಿಳಿ ಫಲಕದ, ಬಿಳಿ ಬಣ್ಣದ, ಒಂಬತ್ತು ಆಸನದ ಗಾಡಿ. ಆಸನಗಳ ಹಿಂದೆ ಸಾಮಾನು ಇಡಲು ವಿಶಾಲವಾದ ಜಾಗ. ಬಣ್ಣ ಮಾಸಿತ್ತು, ಕಿಟಕಿಯ ರಬ್ಬರು ಒಡೆದಿತ್ತು, ಮಳೆ ನೀರು ಇಳಿದು ನೆಲದ ಹಲಗೆ ಕೊಳೆತಿತ್ತು. ಆದರೆ ಕೆಳಗೆ ಮಲಗಿ ಸುತ್ತಿಗೆಯಿಂದ ತಟ್ಟಿ ನೋಡಿದಾಗ ಚಾಸಿಸ್ಸು ಗಟ್ಟಿಯಾಗಿತ್ತು. ಎಂಜಿನ್ನನ್ನು ಮುಂಜಾನೆ, ತಣ್ಣಗಿರುವಾಗಲೇ ಚಾಲೂ ಮಾಡಿಸಿದೆವು. ಬಿಸಿಯಾದ ಎಂಜಿನ್ನು ಎಲ್ಲ ದೋಷವನ್ನೂ ಮರೆಸುತ್ತದೆ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಕಪ್ಪಾಗಿದ್ದರೆ ಡೀಸೆಲ್ಲು ಹೆಚ್ಚು ಇಲ್ಲವೇ ಗಾಳಿ ಕಡಿಮೆ. ಬಿಳಿಯ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಇಳಿಯುತ್ತಿರಬಹುದು. ಈ ಗಾಡಿಯಲ್ಲಿ ಮೂರೂ ಕಾಣಲಿಲ್ಲ.

2,35,000 ರೂಪಾಯಿಗೆ ಮಾತು ಮುಗಿಯಿತು. ಚಾಸಿಸ್ ಸಂಖ್ಯೆಯನ್ನು ಆರ್.ಸಿ.ಯೊಡನೆ ತಾಳೆ ನೋಡಿ, ತೆರಿಗೆ, ವಿಮೆ, ಬಾಕಿ ದಂಡಗಳನ್ನು ಸಾರಿಗೆ ಇಲಾಖೆಯ ಪರಿವಾಹನ ತಾಣದಲ್ಲಿ ಪರಿಶೀಲಿಸಿ, ನಮೂನೆ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿದ ಮೇಲೆಯೇ ಪೂರ್ತಿ ಹಣ ಕೊಟ್ಟೆವು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ ಕಚೇರಿಗೆ ತಿಳಿಸಬೇಕೆಂದು ಕಾನೂನಿದೆ. ವಿಮೆಯನ್ನೂ ಅಷ್ಟೇ ಅವಧಿಯೊಳಗೆ ಕೊಂಡವರ ಹೆಸರಿಗೆ ಬರೆಸಲು ಅರ್ಜಿ ಕೊಡಬೇಕು. ಆಮೇಲೆ ಮಾಡಿದರಾಯಿತೆಂಬ ಉದಾಸೀನ ಇಲ್ಲಿ ಸಲ್ಲದು.

ಇನ್ನೊಂದು ವಿಷಯ. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಿಸಬೇಕು. ಲಘು ವಾಹನಕ್ಕೆ ಹಿಂದೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿಯಾಗಿದೆ. 20 ವರ್ಷ ದಾಟಿದ ವಾಹನಕ್ಕೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಲಾಗಿದೆ. ಹಳೆಯ ಗಾಡಿಯ ಬೆಲೆ ಕಟ್ಟುವಾಗ ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

ನಾವು ಎಡವಿದ್ದು

ಗಾಡಿ ಮನೆಗೆ ಬಂದ ದಿನ ನಮಗೆ ನೆಲ ಕಾಣಲಿಲ್ಲವೆಂದೇ ಹೇಳಬೇಕು. ಒಬ್ಬರಿಗೆ ಸೋಫಾ ಬೇಕು, ಒಬ್ಬರಿಗೆ ಟಿ.ವಿ. ಬೇಕು, ಮಕ್ಕಳಿಗೆ ಫ್ರಿಜ್ಜು ಬೇಕು. ಮಾಳಿಗೆ ಕೊರೆದು ಗಾಳಿಕಿಂಡಿ ಇಡುವುದು, ಮೇಲೆ ಇನ್ನೂರು ಲೀಟರಿನ ನೀರಿನ ತೊಟ್ಟಿ ಕೂರಿಸುವುದು, ಒಳಗೇ ಗ್ಯಾಸಿನ ಒಲೆ ಹಚ್ಚುವುದು ಎಂದೆಲ್ಲ ಚಿತ್ರ ಬರೆದೆವು. ಒಳಗಿನ ಅಲಂಕಾರಕ್ಕೆ 75,000 ರೂಪಾಯಿ ಎತ್ತಿಟ್ಟು, ಬ್ರೇಕು ಇತ್ಯಾದಿಗೆ 10,000 ಸಾಕು ಎಂದು ಬರೆದುಕೊಂಡೆವು. ಬಡಿಗೇರರಿಗೆ 5,000 ಮುಂಗಡವನ್ನೂ ಕೊಟ್ಟೆವು. ಗಾಡಿ ಸಿರುಗುಪ್ಪದಿಂದ ಓಡಿಕೊಂಡೇ ಬಂದಿತ್ತಲ್ಲ, ಬ್ರೇಕು ಚೆನ್ನಾಗಿಯೇ ಇದೆ ಎಂಬ ಭಾವನೆ ನಮ್ಮದು.

ಡಿಸೆಂಬರಿನ ಒಂದು ಸೋಮವಾರ ತಾಯಿಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಕುರುಗೋಡಿಗೆ ಹೋದೆವು. ಏಕಶಿಲೆಯ ಆ ಬೃಹತ್ ಬಸವನ ದರ್ಶನವಾಯಿತು. ಮರಳುವಾಗ ಸಂಜೆ. ಎದುರಿಗೆ ಕುರಿಯ ಹಿಂಡೊಂದು ರಸ್ತೆ ದಾಟುತ್ತಿತ್ತು. ಬ್ರೇಕು ತುಳಿದರೆ ಪೆಡಲು ನೆಲಕ್ಕೆ ಹೋಯಿತು. ಮತ್ತೆ ಮತ್ತೆ ತುಳಿದು, ಗೇರು ಇಳಿಸಿ, ಕೈ ಬ್ರೇಕು ಎಳೆದಾಗ ಗಾಡಿ ಹಿಂಡಿನಿಂದ ಹತ್ತು ಮಾರು ದೂರದಲ್ಲಿ ಜಗ್ಗಿ ನಿಂತಿತು. ಕುರಿಗಳಿಗೂ ಕುರಿಗಾಹಿಗೂ ಏನೂ ಆಗಲಿಲ್ಲ. ಆದರೆ ತಾಯಿಯವರ ಹಣೆ ಮುಂದಿನ ಆಸನಕ್ಕೆ ಬಡಿದು ಬುಗುಟೆ ಎದ್ದಿತು. ಮಕ್ಕಳು ಉಸಿರೆತ್ತಲಿಲ್ಲ. ಅಂದು ಕುರಿಗಳ ಬದಲು ಶ್ರೀಶೈಲದ ಘಟ್ಟದ ತಿರುವು ಎದುರಿಗಿದ್ದಿದ್ದರೆ ಏನಾಗುತ್ತಿತ್ತು ಎಂಬ ವಿಚಾರ ನಮ್ಮನ್ನು ರಾತ್ರಿಯೆಲ್ಲ ನಿದ್ರಿಸಗೊಡಲಿಲ್ಲ.

ಮರುದಿನ ಬೆಳಿಗ್ಗೆ ತಾಯಿಯವರು ನಮ್ಮನ್ನು ಕೂಡಿಸಿಕೊಂಡು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನೆನಪಿಸಿದರು. ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದಷ್ಟೇ ಸಾಕು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಕಥೆ ನಮ್ಮ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ? ತಾಯಿಯವರು ಹೇಳಿದ್ದು ಇಷ್ಟೇ: “ನನಗೆ ಸೋಪಾ ಬ್ಯಾಡ, ಟೀವಿ ಬ್ಯಾಡ. ಕಾಲು ಚಾಚಾಕ ಒಂದು ಹಲಗಿ ಇದ್ರ ಸಾಕು. ಮಕ್ಕಳು ಸುರಕ್ಷಿತ ಮನಿಗೆ ಬರಬೇಕು.”

ಹೊಳಪಿನ ಖರ್ಚನ್ನು ಬೇಕಾದಷ್ಟು ಕಡಿಮೆ ಮಾಡಬಹುದು, ಪ್ರಾಣ ಕಾಯುವ ಭಾಗದ ಖರ್ಚನ್ನು ಮಾತ್ರ ಕಡಿಮೆ ಮಾಡಬಾರದು ಎಂಬುದು ನಮಗೆ ಅಂದು ಮನವರಿಕೆಯಾಯಿತು. ಚಿತ್ರ ಬರೆದ ಕಾಗದವನ್ನು ಹರಿದು ಹಾಕಿ, ಗಾಡಿಯನ್ನು ಬಳ್ಳಾರಿಗೆ ಒಯ್ದು ಮೇಸ್ತ್ರಿಯವರ ಮುಂದೆ ನಿಲ್ಲಿಸಿದೆವು. ಅವರು ಬಣ್ಣದ ಮಾತೆತ್ತಿದ ನಮ್ಮ ತಮ್ಮನಿಗೆ ನಗುತ್ತ ಹೇಳಿದರು: “ಗೌಡ್ರೇ, ಓಡೋದು ಎಲ್ಲಾ ಗಾಡಿಗೂ ಬರ್ತದ. ಮೊದ್ಲು ಇದಕ್ಕೆ ನಿಲ್ಲೋದು ಕಲಿಸೋಣ.”

ದುರಸ್ತಿಯ ಕ್ರಮ

ಹಿಂದಿನ ಚಕ್ರದ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಸೋರಿ ಲೈನರು ತೊಯ್ದುಹೋಗಿತ್ತು. ಆ ಆಯಿಲ್ಲಿಗೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವಿದೆ. ವರ್ಷಗಟ್ಟಲೆ ಬದಲಿಸದಿದ್ದರೆ ಒಳಗಿನ ಲೋಹ ತುಕ್ಕು ಹಿಡಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದಾಗ ಆ ನೀರು ಆವಿಯಾಗಿ ಪೆಡಲು ಹೂತುಹೋಗುತ್ತದೆ. ಮಾಸ್ಟರ್ ಸಿಲಿಂಡರು, ಚಕ್ರದ ಸಿಲಿಂಡರುಗಳು, ರಬ್ಬರು ಪೈಪುಗಳು, ಲೈನರುಗಳು ಎಲ್ಲವನ್ನೂ ಹೊಸದಾಗಿ ಹಾಕಿಸಿದೆವು. ಸ್ಟೇರಿಂಗಿನ ಸಡಿಲವಾದ ಕೀಲುಗಳನ್ನೂ ಮುರಿದ ಪಾಟಾ ಎಲೆಯನ್ನೂ ಬದಲಿಸಿದೆವು.

ಟೈರುಗಳ ಗೀರು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ನಮ್ಮ ಟೈರಿನ ಮೇಲೆ 2315 ಎಂದಿತ್ತು, ಅಂದರೆ 2015ರ 23ನೆಯ ವಾರ. ಎಂಟು ವರ್ಷದ ರಬ್ಬರು ಬಳ್ಳಾರಿಯ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಅವನ್ನೂ ತೆಗೆಸಿದೆವು. ಅನಂತರ ಕಿಟಕಿಯ ರಬ್ಬರು ಬದಲಿಸಿ ಸೋರಿಕೆ ನಿಲ್ಲಿಸಿ, ಕೊಳೆತ ನೆಲವನ್ನು ಕಿತ್ತು, ತುಕ್ಕನ್ನು ಉಜ್ಜಿ, ತಗಡು ಬೆಸೆದು, ತುಕ್ಕುನಿರೋಧಕ ಬಣ್ಣ ಬಳಿಸಿದೆವು. ಸೋರುವ ಮಾಳಿಗೆಯ ಕೆಳಗೆ ಹೊಸ ನೆಲ ಹಾಸಿದರೆ ಒಂದೇ ಮಳೆಗಾಲಕ್ಕೆ ಮತ್ತೆ ಕೊಳೆಯುತ್ತದೆ. ಮೊದಲು ನೀರು ನಿಲ್ಲಬೇಕು, ಆಮೇಲೆ ನೆಲ. ಮನೆ ಕಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ?

ಬಹಳ ಜನ ತಿಳಿಯದೆ ದಂಡ ತೆರುವುದು ಈ ವಿಷಯದಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಲಾಗದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ ವಿಧಿಸಬಹುದು. ಕ್ಯಾರವಾನ್ ಎಂದೇ ನೋಂದಣಿಯಾಗಬೇಕಾದರೆ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡಕ್ಕೆ ಒಳಪಡಬೇಕು. ಆ ಪರೀಕ್ಷೆಯ ವೆಚ್ಚ ನಮ್ಮ ಕೈಗೆಟಕುವಂಥದ್ದಲ್ಲ.

ಹಾಗಾದರೆ ಬಡವರು ಏನು ಮಾಡಬೇಕು? ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಎಂಬ ಕಂಪನಿಯವರು 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿಗೆ ಇಟ್ಟು ತೆಗೆಯಬಹುದಾದ ಒಂದು ಮರದ ಪೆಟ್ಟಿಗೆ ತಯಾರಿಸಿದ್ದರು. ರಜೆ ಬಂದಾಗ ಪೆಟ್ಟಿಗೆ ಇಟ್ಟರೆ ವ್ಯಾನು ಮನೆಯಾಗುತ್ತಿತ್ತು, ತೆಗೆದರೆ ಮತ್ತೆ ದುಡಿಮೆಯ ವ್ಯಾನು. ಇದನ್ನು ತಿಳಿದಾಗ ನಮಗೆ ದಾರಿ ಹೊಳೆಯಿತು. ಮಾಳಿಗೆ ಕೊರೆಯಬೇಕಾಗಿಲ್ಲ, ಆಸನ ಕೀಳಬೇಕಾಗಿಲ್ಲ, ಬಣ್ಣ ಬದಲಿಸಬೇಕಾಗಿಲ್ಲ. ವಾಹನ ವಾಹನವಾಗಿಯೇ ಇರಲಿ, ಮನೆಯನ್ನು ಮಾತ್ರ ನಾವು ಒಳಗಿಟ್ಟು ಹೊರತೆಗೆಯೋಣ ಎಂದುಕೊಂಡೆವು. ಹಿರಿಯರ ಸವಾರಿ ಬಂಡಿಯೂ ಹಾಗೆಯೇ ಇತ್ತಲ್ಲವೇ? ಜಾತ್ರೆ ಮುಗಿದ ಮೇಲೆ ಕಮಾನು ಬಿಚ್ಚಿ ಅದೇ ಬಂಡಿಯಲ್ಲಿ ಗೊಬ್ಬರ ಹೇರುತ್ತಿದ್ದರು.

ಒಳಗಿನ ಮನೆ

ಬಡಿಗೇರರಿಗೆ ಕೊಟ್ಟ ಮುಂಗಡ ವ್ಯರ್ಥವಾಗಲಿಲ್ಲ. ಸೋಫಾದ ಬದಲು ಮಡಚುವ ಎರಡು ಹಲಗೆ, ಅವಕ್ಕೆ ಕಾಲು, ಒಂದು ಅಡುಗೆ ಪೆಟ್ಟಿಗೆ, ತಾಯಿಯವರು ಹತ್ತಿ ಇಳಿಯಲು ಅಗಲವಾದ ಒಂದು ಮೆಟ್ಟಿಲು ಮಾಡಿಕೊಟ್ಟರು. ಗಾಡಿ ನಿಂತಾಗ ಹಿಂದಿನ ಜಾಗದಿಂದ ಕೊನೆಯ ಆಸನದವರೆಗೆ ಹಲಗೆ ಜೋಡಿಸಿ ಹತ್ತಿಯ ಗಾದಿ ಹಾಸಿದರೆ ಇಬ್ಬರಿಗೆ ಸುಖವಾದ ಹಾಸಿಗೆ. ಉಳಿದವರು ಮಠದ ಆವರಣದಲ್ಲೋ ಗಾಡಿಯ ಪಕ್ಕದಲ್ಲೋ ಚಾಪೆ ಹಾಸುತ್ತೇವೆ. ಗಾಡಿ ಓಡುವಾಗ ಹಲಗೆ, ಪೆಟ್ಟಿಗೆಗಳನ್ನು ಹಗ್ಗದಿಂದ ಬಿಗಿದು ಕಟ್ಟಲೇಬೇಕು. ಸಡಿಲವಾದ ವಸ್ತು ಬ್ರೇಕು ಹಾಕಿದಾಗ ಕಲ್ಲಿನಂತೆ ಮುಂದಕ್ಕೆ ಬರುತ್ತದೆ.

ಪರದೆಗಳ ಕಥೆಯೂ ಸ್ವಾರಸ್ಯಕರ. ಬಳ್ಳಾರಿ ಜೀನ್ಸ್ ಬಟ್ಟೆಗೆ ಹೆಸರಾದ ಊರಲ್ಲವೇ? ಹೊಲಿಗೆಯಲ್ಲಿ ಉಳಿದ ತುಂಡುಗಳನ್ನು ಅಗ್ಗಕ್ಕೆ ತಂದು, ಮನೆಯ ಸೊಸೆಯಂದಿರೇ ಜೋಡಿಸಿ ದಪ್ಪನೆಯ ಪರದೆ ಮತ್ತು ಆಸನದ ಹೊದಿಕೆ ಹೊಲಿದರು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ನಾಡಿನಲ್ಲಿ ಈ ಪರದೆಯೇ ಅರ್ಧ ತಂಪು. ಕಿಟಕಿಗೆ ಸೊಳ್ಳೆ ಪರದೆಯ ಬಲೆಯನ್ನು ಅಂಟುಪಟ್ಟಿಯಿಂದ ಹಚ್ಚಿದೆವು.

ದೀಪ ಮತ್ತು ಫ್ಯಾನಿಗೆ ಗಾಡಿಯ ಬ್ಯಾಟರಿಯನ್ನು ಬಳಸಿದರೆ ಬೆಳಿಗ್ಗೆ ಗಾಡಿ ಚಾಲೂ ಆಗದು. ಆದ್ದರಿಂದ 12 ವೋಲ್ಟಿನ, 75 ಆಂಪಿಯರ್ ತಾಸಿನ ಎರಡನೆಯ ಬ್ಯಾಟರಿ ಇಟ್ಟೆವು. ಎರಡನ್ನೂ ಗುಣಿಸಿದರೆ 900 ವ್ಯಾಟ್ ತಾಸು. ಇಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಬೇಗ ಹಾಳಾಗುತ್ತದೆ, ಆದ್ದರಿಂದ ಬಳಕೆಗೆ 450. 15 ವ್ಯಾಟಿನ ಎರಡು ಫ್ಯಾನು ಎಂಟು ತಾಸು ತಿರುಗಿದರೆ 240, ಎಲ್.ಇ.ಡಿ. ದೀಪಗಳಿಗೆ 40. ಒಂದು ರಾತ್ರಿಗೆ ಧಾರಾಳವಾಯಿತು. ಬ್ಯಾಟರಿಯ ಹತ್ತಿರವೇ ಫ್ಯೂಜು ಹಾಕಿಸುವುದನ್ನು ಮರೆಯಬಾರದು. ಹಳೆಯ ವಾಹನಗಳಿಗೆ ಬೆಂಕಿ ಹತ್ತುವುದಕ್ಕೆ ಸಡಿಲವಾದ ತಂತಿಯೂ ಒಂದು ಮುಖ್ಯ ಕಾರಣ.

ನೀರಿನ ತೊಟ್ಟಿಯ ವಿಚಾರವನ್ನು ಕೈಬಿಟ್ಟೆವು. ಒಂದು ಲೀಟರು ನೀರಿಗೆ ಒಂದು ಕಿಲೋ ತೂಕ. ಇನ್ನೂರು ಕಿಲೋ ಭಾರ ನೆತ್ತಿಯ ಮೇಲಿದ್ದರೆ ಘಟ್ಟದ ತಿರುವಿನಲ್ಲಿ ಗಾಡಿ ವಾಲುತ್ತದೆ. 20 ಲೀಟರಿನ ಮೂರು ಕ್ಯಾನುಗಳನ್ನು ಆಸನದ ಕೆಳಗೆ ಇಟ್ಟುಕೊಂಡೆವು. ತಾಯಿಯವರಿಗಾಗಿ ಬಳ್ಳಾರಿಯ ಔಷಧದ ಅಂಗಡಿಯಿಂದ ಮುಚ್ಚಳವುಳ್ಳ ಕಮೋಡು ಕುರ್ಚಿ ತಂದೆವು. ಇಡೀ ಗಾಡಿಯಲ್ಲಿ ಅವರಿಗೆ ಅತ್ಯಂತ ನೆಮ್ಮದಿ ತಂದ ವಸ್ತು ಅದೇ. ಎಷ್ಟೋ ಹಿರಿಯ ತಾಯಂದಿರು ಯಾತ್ರೆ ಬೇಡವೆನ್ನುವುದು ಭಕ್ತಿ ಕಡಿಮೆಯಾಗಿ ಅಲ್ಲ, ಈ ಒಂದು ಸಂಕೋಚದಿಂದ. ಮನೆಯವರು ಇದನ್ನು ತಾವಾಗಿಯೇ ಅರಿಯಬೇಕು.

ಅಡುಗೆಯನ್ನು ಮಾತ್ರ ಎಂದೂ ಒಳಗೆ ಮಾಡುವುದಿಲ್ಲ. ಅಡುಗೆ ಅನಿಲವು ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮೇಲೆ ಕುಳಿತುಕೊಳ್ಳುತ್ತದೆ, ಒಂದು ಕಿಡಿ ಸಾಕು. ಮುಚ್ಚಿದ ಗಾಡಿಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದಂತೂ ಸಾವನ್ನೇ ಕರೆದಂತೆ. ಅದರಿಂದ ಬರುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಐದು ಕಿಲೋ ಸಿಲಿಂಡರನ್ನೂ ಒಲೆಯನ್ನೂ ಹೊರಗಿಳಿಸಿ, ಬಯಲಿನಲ್ಲಿ ಅಡುಗೆ ಮಾಡುತ್ತೇವೆ. ಬೆಂಕಿ ನಂದಿಸುವ ಸಿಲಿಂಡರು ಚಾಲಕರ ಕೈಗೆ ಸಿಗುವಂತೆ ಇರುತ್ತದೆ.

ಲೆಕ್ಕ

ಲೆಕ್ಕವನ್ನು ಬಚ್ಚಿಡದೆ ಕೊಡುತ್ತಿದ್ದೇವೆ. ಗಾಡಿಯ ಬೆಲೆ 2,35,000. ವರ್ಗಾವಣೆ, ವಿಮೆ ಇತ್ಯಾದಿ 18,000. ಬ್ರೇಕು, ಸ್ಟೇರಿಂಗು, ಪಾಟಾ 42,000. ಟೈರು 32,000. ತಗಡು, ನೆಲ, ರಬ್ಬರು 28,000. ಬ್ಯಾಟರಿ, ತಂತಿ, ಫ್ಯಾನು 21,000. ಹಲಗೆ, ಗಾದಿ, ಪರದೆ 14,000. ಕಮೋಡು ಕುರ್ಚಿ, ಕ್ಯಾನು, ಬೆಂಕಿ ಸಿಲಿಂಡರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ 7,000. ಒಟ್ಟು 3,97,000 ರೂಪಾಯಿ. ಅಲಂಕಾರಕ್ಕೆಂದು ಎತ್ತಿಟ್ಟಿದ್ದ 75,000ದಲ್ಲಿ ಬಳಕೆಯಾದುದು 14,000 ಮಾತ್ರ. 10,000 ಸಾಕೆಂದುಕೊಂಡಿದ್ದ ಬ್ರೇಕು ಮತ್ತು ಚಕ್ರಗಳಿಗೆ 74,000 ಹೋಯಿತು. ನಮ್ಮ ಮೊದಲಿನ ಅಜ್ಞಾನ ಎಷ್ಟೆಂಬುದನ್ನು ಈ ಎರಡು ಸಾಲುಗಳೇ ತೋರಿಸುತ್ತವೆ.

ಯುಗಾದಿಯ ಯಾತ್ರೆ

2024ರ ಫೆಬ್ರವರಿಯಲ್ಲಿ ಪರೀಕ್ಷೆಗೆಂದು ಹೊಸಪೇಟೆ, ಕುಷ್ಟಗಿ, ಹುನಗುಂದದ ಮಾರ್ಗವಾಗಿ ಕೂಡಲಸಂಗಮಕ್ಕೆ ಹೋಗಿಬಂದೆವು. ಕೃಷ್ಣಾ ಮಲಪ್ರಭೆಯರ ಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ದರ್ಶನವಾಯಿತು. ಗಾಡಿ ಎಲ್ಲಿಯೂ ತೊಂದರೆ ಕೊಡಲಿಲ್ಲ. ಬಂದ ಮೇಲೆ ಮೇಸ್ತ್ರಿಯವರು ಮತ್ತೊಮ್ಮೆ ಚಕ್ರ ಬಿಚ್ಚಿ ನೋಡಿ, ಎಲ್ಲ ಬೋಲ್ಟುಗಳನ್ನೂ ಬಿಗಿದು ಕೊಟ್ಟರು.

ಆ ವರ್ಷದ ಯುಗಾದಿ ಏಪ್ರಿಲ್ 9ಕ್ಕೆ. ನಾವು 5ರಂದು ಹೊರಟು, ಕರ್ನೂಲು, ಆತ್ಮಕೂರು ದಾಟಿ ರಾತ್ರಿಗೆ ದೋರ್ನಾಲದಲ್ಲಿ ನಿಂತೆವು. ಮುಂದಿನದು ಹುಲಿಗಳ ಅಭಯಾರಣ್ಯವಾದ್ದರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಘಟ್ಟದ ದಾರಿಯಲ್ಲಿ ವಾಹನಗಳನ್ನು ಬಿಡುವುದಿಲ್ಲ. ಬೇರೆಯವರು ಆಸನದಲ್ಲಿ ಕುಳಿತೇ ರಾತ್ರಿ ಕಳೆದರು. ನಮ್ಮ ತಾಯಿಯವರು ಹಲಗೆಯ ಮೇಲೆ ಕಾಲು ಚಾಚಿ, ಫ್ಯಾನಿನ ಗಾಳಿಯಲ್ಲಿ ಮೊಮ್ಮಗಳೊಡನೆ ನಿದ್ದೆ ಮಾಡಿದರು.

ಬೆಳಿಗ್ಗೆ ನಲ್ಲಮಲದ ಘಟ್ಟ. ಘಟ್ಟವನ್ನು ಯಾವ ಗೇರಿನಲ್ಲಿ ಹತ್ತುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕು, ಡೀಸೆಲ್ಲು ಉಳಿಸಲೆಂದು ಎಂಜಿನ್ನು ಆರಿಸಬಾರದು ಎಂದು ಮೇಸ್ತ್ರಿಯವರು ಮೂರು ಸಲ ಹೇಳಿ ಕಳುಹಿಸಿದ್ದರು. ಎಂಜಿನ್ನು ಆರಿದರೆ ಬ್ರೇಕಿಗೆ ದೊರೆಯುವ ಸಹಾಯವೂ ಆರುತ್ತದೆ. ಒಂದೊಂದು ತಿರುವಿನಲ್ಲೂ ಪೆಡಲು ಗಟ್ಟಿಯಾಗಿ ನಿಂತಿತು. ಪ್ರತಿ ಸಲ ಅದನ್ನು ತುಳಿದಾಗ ನಮಗೆ ಕುರುಗೋಡು ರಸ್ತೆಯ ಕುರಿಗಳ ನೆನಪಾಗುತ್ತಿತ್ತು.

ಮಲ್ಲಿಕಾರ್ಜುನನ ದರ್ಶನವಾದ ಮರುದಿನ ಹಾಟಕೇಶ್ವರದ ಬಳಿ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿದೆವು. ಕಾಡುದಾರಿಯಿಂದ ಪಾದಯಾತ್ರಿಕರು ಬರುತ್ತಲೇ ಇದ್ದರು. ಕಾಲಿಗೆ ಬಟ್ಟೆ ಸುತ್ತಿಕೊಂಡವರು, ಮಗುವನ್ನು ಹೆಗಲಿಗೇರಿಸಿಕೊಂಡವರು, ಕೋಲೂರಿದ ಮುದುಕರು. ತಾಯಿಯವರು ಬಾಗಿಲಲ್ಲಿ ಕುಳಿತು ಬಂದವರಿಗೆಲ್ಲ ಮಜ್ಜಿಗೆಯನ್ನೂ ನೀರನ್ನೂ ಕೊಡಿಸಿದರು. ಮೂರು ಕ್ಯಾನು ನೀರು ಮಧ್ಯಾಹ್ನಕ್ಕೆ ಮುಗಿಯಿತು, ಮತ್ತೆ ತುಂಬಿಸಿ ತಂದೆವು. ಯಾರೋ ಒಬ್ಬ ತಾಯಿ ಕಾಲು ಊದಿಸಿಕೊಂಡು ಬಂದಾಗ ತಮ್ಮ ಹಲಗೆಯ ಮೇಲೆ ಒಂದು ತಾಸು ಮಲಗಿಸಿದರು. ಯಾವ ಊರು ಎಂದು ಕೇಳಿದಾಗ ಸಿರುಗುಪ್ಪದ ಕಡೆಯವರೆಂದು ತಿಳಿಯಿತು. ಸಂಜೆ ತಾಯಿಯವರು, “ನಿಮ್ಮಪ್ಪನೂ ನಾನೂ ಬಂದಾಗ ಇಲ್ಲೇ ಯಾರೋ ನಮಗ ಮಜ್ಜಿಗಿ ಕೊಟ್ಟಿದ್ರು. ಈಗ ಅದು ತೀರಿತು” ಎಂದರು. ಗಾಡಿಗೆ ಹಾಕಿದ ಹಣ ಸಾರ್ಥಕವಾಯಿತೆಂದು ನಮಗೆ ಅನ್ನಿಸಿತು.

ಕೊನೆಯ ಮಾತು

ಈ ಗಾಡಿಯನ್ನು ಬಾಡಿಗೆಗೆ ಬಿಡಿ ಎಂದು ಕೇಳಿದವರುಂಟು. ಬಿಳಿ ಫಲಕದ ವಾಹನವನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯವರೂ ಕೈಬಿಡುತ್ತಾರೆ. ಓಣಿಯ ಹಿರಿಯರನ್ನು ಆಸ್ಪತ್ರೆಗೋ ಜಾತ್ರೆಗೋ ಕರೆದೊಯ್ಯಬೇಕಾದಾಗ ನಾವೇ ಓಡಿಸಿಕೊಂಡು ಹೋಗಿ ಬರುತ್ತೇವೆ, ಹಣ ಪಡೆಯುವುದಿಲ್ಲ. ಹೀಗೆ ದುಡಿಮೆಯ ಹಣದಲ್ಲಿ ಕೊಂಡದ್ದು ನಾಲ್ಕು ಜನರಿಗೆ ಒದಗಲಿ ಎಂಬುದೇ ನಮ್ಮ ಆಶಯ.

ಹಳೆಯ ವಾಹನ ಕೊಳ್ಳಬೇಕೆಂದಿರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಕೈಯಲ್ಲಿರುವ ಹಣವನ್ನೆಲ್ಲ ಗಾಡಿಯ ಬೆಲೆಗೇ ಸುರಿಯಬೇಡಿ, ಮೂರರಲ್ಲಿ ಒಂದು ಪಾಲನ್ನಾದರೂ ದುರಸ್ತಿಗೆ ಉಳಿಸಿಕೊಳ್ಳಿ. ಕೊಳ್ಳುವಾಗ ಮೇಸ್ತ್ರಿಯವರನ್ನು ಜೊತೆಗೆ ಕರೆದೊಯ್ಯಿರಿ, ಅವರ ಕಾಯಕಕ್ಕೆ ತಕ್ಕ ಕೂಲಿ ಕೊಡಿ. ಪರದೆ ಹೊಲಿಯುವ ಮೊದಲು ಬ್ರೇಕು ನೋಡಿಸಿ. ಬೇಕಾದುದಷ್ಟನ್ನೇ ತಂದು ಹೆಚ್ಚಿನದನ್ನು ಬಿಟ್ಟರೆ, ಸಣ್ಣ ಹಣದಲ್ಲಿಯೂ ತಂದೆತಾಯಿಯರ ದೊಡ್ಡ ಆಸೆಯನ್ನು ಪೂರೈಸಲು ಸಾಧ್ಯವಿದೆ.